ಚೈನಿಲ್ಲದ ಸವಾರಿ

ಸೈಕಲ್ಲಿನ ಚೈನು ಕಡಿಯುವುದಕ್ಕೂ ಒಂದು ಮುಹೂರ್ತ ಇರುತ್ತದೆ. ಶಿವಮೊಗ್ಗದಿಂದ ಉಡುಪಿಗೆ ಹೊರಟ ನಮ್ಮ ತಂಡ ತೀರ್ಥಹಳ್ಳಿ ದಾಟಿ, ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ದೊಡ್ಡಮನೆಯೆದುರು ಫೋಟೊ ತೆಗೆಸಿಕೊಂಡು, ಜಿಟಿಜಿಟಿ ಮಳೆಯಲ್ಲಿ ಇನ್ನೇನು ಘಾಟಿ ಇಳಿಯಬೇಕು, ನನ್ನ ಚೈನು ಕಟ್ಟೆಂದು ತುಂಡಾಗಿ ಸತ್ತ ಹಾವಿನ ಹಾಗೆ ರಸ್ತೆಗೆ ಬಿತ್ತು. ರಿಪೇರಿ ಸಾಮಾನಿನ ಚೀಲ ಹೊತ್ತವರು ತಂಡದ ಮಹಾ ಉತ್ಸಾಹಿ. ಎಂದರೆ, ಯಾವಾಗಲೂ ಎಲ್ಲರಿಗಿಂತ ಮುಂದೆ.

“ಇಳಿಜಾರಿಗೆ ಚೈನ್ ಯಾಕ್ರೀ? ಬ್ರೇಕ್ ಇದ್ರೆ ಸಾಕು” ಎಂದರು ಗೆಳೆಯರು. ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವು. ತಿರುವಿಗೊಂದರಂತೆ ದೇವರನ್ನು ನೆನೆಯುತ್ತ ಹೊರಟೆ. ಅರ್ಧ ದಾರಿಗೇ ನಮ್ಮ ಮನೆದೇವರ ದಾಸ್ತಾನು ಮುಗಿದು, ಹೆಂಡತಿಯ ತವರಿನ ದೇವರುಗಳಿಗೂ ಕೈಹಾಕಬೇಕಾಯಿತು. ನೆನೆದ ಬ್ರೇಕು ಅರಚುತ್ತಿದ್ದ ಪರಿಗೆ ಬೆಲ್ಲಿನ ಅಗತ್ಯವೇ ಬೀಳಲಿಲ್ಲ; ಕಟ್ಟೆಯ ಮೇಲಿನ ಮಂಗಗಳೂ ಮರ ಹತ್ತಿ ದಾರಿ ಬಿಟ್ಟವು.

ಸೋಮೇಶ್ವರದ ಸಪಾಟು ರಸ್ತೆಗೆ ಬಂದದ್ದೇ ಸೈಕಲ್ಲು ಒಂದು ಗೂಡಂಗಡಿಯ ಮುಂದೆ ತಾನಾಗಿ ನಿಂತಿತು. ಅಂಗಡಿಯವರು ಹಿಂದಿನ ಚಕ್ರವನ್ನು ಬಗ್ಗಿ ನೋಡಿ, “ಇಷ್ಟೆಲ್ಲ ಗೇರ್ ಉಂಟು, ಚೈನೇ ಇಲ್ಲವಲ್ಲ ಮಾರಾಯ್ರೆ!” ಎಂದರು. ಚೀಲದವರು ಆಗಲೇ ಹೆಬ್ರಿ ಕಡೆ ಹೋಗಿಯಾಗಿತ್ತಂತೆ.

ಕೊನೆಗೆ ಗೂಡ್ಸ್ ಆಟೊ ಒಂದು ಸಿಕ್ಕಿತು. ಬಾಳೆಗೊನೆಗಳ ನಡುವೆ ಸೈಕಲ್ಲಿಗೆ ಹಗ್ಗ ಬಿಗಿದು, ನನ್ನನ್ನು ಹಾಗೇ ತುರುಕಿದರು. ಹೆಬ್ರಿ ದಾಟಿದ ಮೇಲೆ, ಬೆವರು ಸುರಿಸುತ್ತ ತುಳಿಯುತ್ತಿದ್ದ ಚೀಲದವರು ಕಂಡರು. ಅವರನ್ನು ಹಿಂದೆ ಹಾಕುವಾಗ, ಒಂದು ಹಣ್ಣು ಸುಲಿದು, ಹೆಲ್ಮೆಟ್ ಸರಿಮಾಡಿಕೊಂಡು ಕೈಬೀಸಿದೆ.