ತಂದೆ ಕಾರ್ಡ್ ಯಾಕಿಲ್ಲ ಅಕ್ಕಾ?

ಅಕ್ಕಾ, ಬಟ್ಟೆ ಆಮೇಲೆ ಹರವಿದ್ರಾಯ್ತು, ಇಲ್ಲಿ ಬನ್ನಿ ಸ್ವಲ್ಪ. ಭಾವನವರು ಮತ್ತೆ ಮೆಡಿಕಲ್ ಸ್ಟೋರಿಂದ ಗ್ಯಾಸ್ಟ್ರಿಕ್ ಮಾತ್ರೆ ತಂದ್ರು, ನೋಡಿದೆ. ಊಟ ಆದ್ಮೇಲೆ ಎದೆ ಉರಿ ಅಂದ್ರೆ ಒಪ್ಪಬಹುದಿತ್ತು. ಆದ್ರೆ ನೀವೇ ಅಂದ್ರಲ್ಲ, ತೋಟದ ಏರು ಹತ್ತುವಾಗ ಎದೆ ಹಿಡ್ಕೊಳ್ಳುತ್ತೆ, ಒಂದು ಗಳಿಗೆ ನಿಂತ್ರೆ ಬಿಡುತ್ತೆ ಅಂತ. ನಡೆದಾಗ ಬಂದು ನಿಂತಾಗ ಹೋಗೋ ನೋವನ್ನ ಗ್ಯಾಸು ಅಂತ ತಳ್ಳಿಹಾಕಬಾರದು. ಇವತ್ತೇ ಕರ್ಕೊಂಡು ಹೋಗಿ ಇಸಿಜಿ ಮಾಡಿಸಿ. ಇಸಿಜಿ ಸರಿಯಾಗಿ ಬಂತು ಅಂತ ಎದ್ದು ಬರಬೇಡಿ. ಏರು ಹತ್ತುವಾಗಿನ ಮಾತನ್ನ ಡಾಕ್ಟ್ರಿಗೆ ನೀವೇ ಹೇಳಿ, ಭಾವನವರು ಹೇಳಲ್ಲ.

ನಾನು ಸಿಸ್ಟರ್ ಕೆಲಸದಲ್ಲಿ ಇದ್ದಷ್ಟು ದಿನ ಈ ಹೋಬಳಿ ಮನೆಮನೆ ತಿರುಗಿದೆ, ನಿಮಗೂ ಗೊತ್ತು. ಯಾವ ಮನೆಗೆ ಹೋದ್ರೂ ನನ್ನ ಕೈಲಿ ಇರ್ತಿದ್ದಿದ್ದು ತಾಯಿ ಕಾರ್ಡು. ಬಸುರಿ ಯಾರು, ಬಾಣಂತಿ ಯಾರು, ಮಗುಗೆ ಯಾವ ಚುಚ್ಚುಮದ್ದು ಬಾಕಿ, ಎಲ್ಲ ಅದರಲ್ಲಿ ಇರ್ತಿತ್ತು. ಅದು ಬೇಕಾದ್ದೇ. ಎಷ್ಟು ತಾಯಂದಿರು ಅದರಿಂದ ಉಳ್ಕೊಂಡ್ರು ಅಂತ ಕಣ್ಣಾರೆ ಕಂಡೋಳು ನಾನು. ಆದ್ರೆ ಅದೇ ಜಗುಲಿ ಮೇಲೆ ಬೀಡಿ ಸೇದ್ತಾ ಕೂತಿದ್ದ ಯಜಮಾನನ ಬಿಪಿ ಎಷ್ಟು ಅಂತ ಬರ್ಕೊಳ್ಳೋಕೆ ನನ್ನ ಹತ್ರ ಒಂದು ಹಾಳೆ ಇರಲಿಲ್ಲ. ಸಿಸ್ಟರ್ ಹೆಂಗಸು, ಆಶಾ ಹೆಂಗಸು, ಅಂಗನವಾಡಿ ಟೀಚರ್ ಹೆಂಗಸು. ಗಂಡಸು ಆರೋಗ್ಯ ಸಹಾಯಕರ ಹುದ್ದೆ ಅಂತ ಒಂದಿದೆಯಲ್ಲ, ಅದು ಎಷ್ಟೋ ಕಡೆ ಖಾಲಿ ಬಿದ್ದಿದೆ. ಮಾವನ ಹತ್ರ, ಮೈದುನನ ಹತ್ರ ಕೂತು 'ಎಲ್ಲಿ ನೋವು' ಅಂತ ಕೇಳೋರು ಯಾರು?

ಆಪರೇಷನ್ ವಿಷಯಾನೇ ತಗೊಳ್ಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 37.9 ಮಂದಿಗೆ ಸಂತಾನಹರಣ ಆಗಿದೆ. ಗಂಡ ಮಾಡಿಸ್ಕೊಂಡಿರೋದು ಶೇ. 0.3. ಗಂಡಸರ ಆಪರೇಷನ್ನು ಹೊಲಿಗೆ ಇಲ್ಲದ್ದು, ಅವತ್ತೇ ಮನೆಗೆ ಬರಬಹುದು. ಮೈಗೆ ಬರೋ ಕಷ್ಟ ಎಲ್ಲ ಹೆಂಗಸಿಗೆ, ಆಸ್ಪತ್ರೆನೂ ಹೆಂಗಸಿಗೆ ಅಂತ ಹಂಚಿಕೆ ಆಗಿಹೋಗಿದೆ. ಈ ಹಂಚಿಕೆಯಿಂದ ಇಬ್ಬರಿಗೂ ನಷ್ಟ.

ಗಂಡಸರು ಹಟಮಾರಿಗಳು, ಹೇಳಿದ ಮಾತು ಕೇಳಲ್ಲ ಅಂತ ಬಯ್ತೀವಲ್ಲ, ಅದು ಅರ್ಧ ನಿಜ ಅಷ್ಟೇ ಅಕ್ಕಾ. ಗಾರೆ ಕೆಲಸದವನು ಬೆಳಿಗ್ಗೆ ಒಂಬತ್ತಕ್ಕೆ ಓಪಿಡಿ ಸಾಲಲ್ಲಿ ನಿಂತ್ರೆ ಅವತ್ತಿನ ಕೂಲಿ ಹೋಯ್ತು. ರಕ್ತಕ್ಕೆ ಕೊಟ್ಟು 'ನಾಳೆ ಬಾ' ಅಂದ್ರೆ ಎರಡನೇ ದಿನದ್ದೂ ಹೋಯ್ತು. ಸರ್ಕಾರ ಗೃಹ ಆರೋಗ್ಯ ಅಂತ ಮಾಡಿ ಮೂವತ್ತು ದಾಟಿದೋರಿಗೆ ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡ್ತಾ ಇದೆ. ನನಗೆ ಬಹಳ ಮೆಚ್ಚಿಗೆಯಾದ ಕೆಲಸ ಅದು. ಆದ್ರೆ ಪರೀಕ್ಷೆ ಮಾಡೋ ಹುಡುಗೀರು ಬರೋದು ಹಗಲು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಮನೇಲಿ ಯಾವ ಗಂಡಸು ಇರ್ತಾನೆ? ಕಾಲು ಮುರ್ಕೊಂಡವನು ಇರ್ತಾನೆ, ಇಲ್ಲ ತೀರಾ ಮುದುಕ.

2025ರ ಜೂನು, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆ ಹೆಸರು ದಿನಾ ಟೀವೀಲಿ ಬರ್ತಿತ್ತಲ್ಲ, ಹೃದಯಾಘಾತ, ಹೃದಯಾಘಾತ ಅಂತ. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಜನವೋ ಜನ. ನಟ ಪುನೀತ್, ನಮ್ಮ ಅಪ್ಪು ಹೋದಾಗಲೂ ಹಾಗೇ ಆಗಿತ್ತು. 2021ರ ಅಕ್ಟೋಬರ್ 29, ಇನ್ನೂ 46 ವಯಸ್ಸು ಆ ಮಗುಗೆ. ಒಂದಷ್ಟು ದಿನ ಊರಿಗೆ ಊರೇ ಎದೆ ಪರೀಕ್ಷೆಗೆ ಹೋಯ್ತು, ಆಮೇಲೆ ಮರೀತು. ಹಾಸನದ ಸಾವುಗಳನ್ನ ನೋಡಿದ ಸಮಿತಿ ಯಾವ ಹೊಸ ಮಾರೀನೂ ಕಾಣಲಿಲ್ಲ. ಕಂಡಿದ್ದು ಬಿಪಿ, ಶುಗರ್, ಹೊಗೆಸೊಪ್ಪು, ಕುಡಿತ, ಅದೇ ಹಳೇ ಪಟ್ಟಿ. ಸತ್ತೋರಲ್ಲಿ ಆಟೋ, ಕ್ಯಾಬ್ ಓಡಿಸೋರು ಬಹಳ ಜನ ಇದ್ರು. ದಿನಪೂರ್ತಿ ಕೂತೇ ಇರೋ ಮೈ, ಹೊತ್ತಿಲ್ಲದ ಹೊತ್ತಲ್ಲಿ ಊಟ, ನಿದ್ದೆ ಕಡಮೆ. ಹೆದರಿಕೆ ಜನರನ್ನ ಒಂದು ಸಲ ಆಸ್ಪತ್ರೆಗೆ ತರುತ್ತೆ. ಬಿಪಿ ಮಾತ್ರೆಗೆ ಪ್ರತಿ ತಿಂಗಳೂ ಬರಬೇಕಲ್ಲ!

ಅಪ್ಪು ಹೆಸರಲ್ಲೇ ಹೃದಯ ಜ್ಯೋತಿ ಅಂತ ಸರ್ಕಾರದ ಯೋಜನೆ ಇದೆ, ಅದನ್ನ ಭಾವನವರಿಗೆ ಈಗಲೇ ಹೇಳಿಡಿ. ತಾಲ್ಲೂಕು ಆಸ್ಪತ್ರೇಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸ್ತಾರೆ. ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇಕಾದ್ರೆ ಅಲ್ಲೇ ಬಿಟ್ಟಿ ಕೊಡ್ತಾರೆ, ಹೊರಗಡೆ ಅದಕ್ಕೆ ಸಾವಿರಾರು ರೂಪಾಯಿ. ಜೀರಿಗೆ ಕಷಾಯ, ಸೋಡಾ ಅಂತ ಮನೇಲೇ ಎರಡು ಮೂರು ಗಂಟೆ ಕಳೆದ್ರೆ ಆ ಇಂಜೆಕ್ಷನ್ ಮಾಡೋ ಉಪಕಾರಾನೂ ಇಳೀತಾ ಹೋಗುತ್ತೆ.

ಟಿಬಿನೂ ಹಾಗೇ. 2019–21ರಲ್ಲಿ ದೇಶಪೂರ್ತಿ ಸಮೀಕ್ಷೆ ಮಾಡಿ ನೋಡಿದ್ರು. ಹೆಂಗಸರಿಗಿಂತ ಗಂಡಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಲಕ್ಷಣ ಇದ್ದೋರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಜನ ಎಲ್ಲೂ ತೋರಿಸಿರಲೇ ಇಲ್ಲ.

ಇನ್ನೊಂದು ಮಾತು, ನಾವು ಹೆಂಗಸರೂ ಬಾಯಿ ಬಿಡದ ಮಾತು. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿರ್ತಾರಲ್ಲ, 'ಗುಪ್ತರೋಗಗಳಿಗೆ ಚಿಕಿತ್ಸೆ, ಇಂಥ ಲಾಡ್ಜಿನಲ್ಲಿ ಇಂಥ ದಿನ' ಅಂತ. ಗಂಡಸರು ಯಾವ ಡಾಕ್ಟ್ರ ಹತ್ರನೂ ಹೋಗಲ್ಲ ಅನ್ನೋದು ಸುಳ್ಳು ಅಕ್ಕಾ. ಕತ್ತಲಾದ್ಮೇಲೆ ತಲೆಗೆ ಟವೆಲ್ ಹಾಕ್ಕೊಂಡು ಆ ಲಾಡ್ಜಿಗೆ ಹೋಗ್ತಾರೆ, ಸಾಲ ಮಾಡಿ ಸಾವಿರಗಟ್ಟಲೆ ಸುರಿದು ಲೇಹ್ಯ ತರ್ತಾರೆ. ಗಂಡಸ್ತನದ ತೊಂದರೆ ಎಷ್ಟೋ ಸಲ ಶುಗರ್ ಇಂದ ಬಂದಿರುತ್ತೆ, ರಕ್ತನಾಳ ಕೆಡೋದರ ಮೊದಲನೇ ಸೂಚನೆನೂ ಆಗಿರಬಹುದು. ಅವನು ಅದನ್ನ ಪಿಎಚ್‌ಸೀಲಿ ಹೇಳಿದ್ರೆ ಹೃದಯಾನೂ ಉಳ್ಕೊಳ್ಳುತ್ತೆ. ಆದ್ರೆ ಒಂದೇ ಕೋಣೆ, ಬಾಗಿಲಿಗೆ ಪರದೆ ಇಲ್ಲ, ಹಿಂದೆ ಸಾಲಲ್ಲಿ ಪಕ್ಕದ ಮನೆಯೋರು. ಎದುರಿಗೆ ಮಗಳ ವಯಸ್ಸಿನ ಡಾಕ್ಟ್ರು. ಹೇಗೆ ಹೇಳ್ತಾನೆ? ವಯಸ್ಸಾದೋರದ್ದು ಪ್ರಾಸ್ಟೇಟ್ ಕಷ್ಟ, ರಾತ್ರಿ ನಾಲ್ಕು ಸಲ ಏಳ್ತಾರೆ, ಉರಿ ತಡ್ಕೊಳ್ತಾರೆ, ಮೂತ್ರ ಪೂರ್ತಿ ಕಟ್ಟಿದ ದಿನ ಮಗ ಎತ್ಕೊಂಡು ಓಡ್ತಾನೆ. ಮಾತ್ರೆಗೇ ಹತೋಟಿಗೆ ಬರಬಹುದಾಗಿತ್ತು. ಒಂದು ಪರದೆ, ಮುಚ್ಚೋ ಬಾಗಿಲು, ವಾರಕ್ಕೊಂದು ಸಂಜೆ ಗಂಡಸು ಡಾಕ್ಟ್ರು. ಇಷ್ಟು ಕೇಳಿದ್ರೆ ದುಬಾರಿ ಬೇಡಿಕೆ ಅಂತೀರಾ?

ಮನಸ್ಸಿನ ಬಗ್ಗೆ ಹೇಳೋಕೆ ಗಂಟಲು ಕಟ್ಟುತ್ತೆ. 2022ರಲ್ಲಿ ಈ ದೇಶದಲ್ಲಿ ತಾವೇ ಪ್ರಾಣ ಕಳ್ಕೊಂಡ ಪ್ರತಿ ನೂರರಲ್ಲಿ ಸುಮಾರು ಎಪ್ಪತ್ತೆರಡು ಜನ ಗಂಡಸರು. ಸಾಲ ಎಷ್ಟಿದೆ ಅಂತ ಹೆಂಡತಿಗೂ ಹೇಳಿರಲ್ಲ. 14416 ಅಂತ ಟೆಲಿ ಮಾನಸ್ ನಂಬರಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಯಾವ ಹೊತ್ತಲ್ಲಾದ್ರೂ. ನಿಮ್ಮ ಚಿಕ್ಕ ಮಗನ ಫೋನಿಗೆ ಹಾಕಿಕೊಡಿ. ಅವನು ಈಚೆಗೆ ಬಹಳ ಮೌನವಾಗಿದ್ದಾನೆ.

ಗಂಡಸರು ಆಸ್ಪತ್ರೆಗೆ ಬರದಿದ್ರೆ ಅವರಿರೋ ಕಡೆಗೇ ನಾವು ಹೋಗಬೇಕು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಏನು ಮಾಡಿದ್ರು ಗೊತ್ತಾ? ಅಲ್ಲಿನ ಕಪ್ಪು ಜನರಲ್ಲಿ ಬಿಪಿ ಜಾಸ್ತಿ, ಆಸ್ಪತ್ರೆ ಅಂದ್ರೆ ನಂಬಿಕೆ ಕಡಮೆ. ಅವರು ತಪ್ಪದೆ ಹೋಗೋದು ಕ್ಷೌರದಂಗಡಿಗೆ. ಸರಿ, 52 ಅಂಗಡಿ, ಮುನ್ನೂರು ಚಿಲ್ಲರೆ ಗಂಡಸರನ್ನ ಆರಿಸ್ಕೊಂಡ್ರು. ಅರ್ಧದಷ್ಟು ಜನರಿಗೆ ಔಷಧ ಬಲ್ಲವರೇ ಅಂಗಡಿಗೆ ಬಂದು ಬಿಪಿ ನೋಡಿ ಮಾತ್ರೆ ಸರಿಹೊಂದಿಸಿದ್ರು. ಉಳಿದೋರಿಗೆ ಕ್ಷೌರಿಕ 'ಡಾಕ್ಟ್ರ ಹತ್ರ ಹೋಗಪ್ಪಾ' ಅಂತ ಬುದ್ಧಿ ಹೇಳಿದ. ಆರು ತಿಂಗಳಿಗೆ ಮೊದಲನೆಯೋರದ್ದು ಮೇಲಿನ ಬಿಪಿ 27 ಇಳೀತು, ಬುದ್ಧಿ ಕೇಳಿಸ್ಕೊಂಡೋರದ್ದು ಒಂಬತ್ತು ಚಿಲ್ಲರೆ. 2018ರಲ್ಲಿ ಅಚ್ಚಾಯ್ತು ಆ ಅಧ್ಯಯನ. ಓದಿದ ದಿನ ನನಗೆ ಹೊಳೆದಿದ್ದು ನಮ್ಮ ಹಾಲಿನ ಡೈರಿ.

ಯೋಚನೆ ಮಾಡಿ ಅಕ್ಕಾ. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಒಂದು ಸಲ, ಮಳೆ ಬರಲಿ ಬಿಸಿಲು ಬರಲಿ, ಊರಿನ ಅರ್ಧ ಗಂಡಸರು ಕ್ಯಾನ್ ಹಿಡ್ಕೊಂಡು ಅಲ್ಲಿ ನಿಂತಿರ್ತಾರೆ. ಹಸುವಿನ ಹಾಲಿಗೆ ಪ್ರತಿ ಹೊತ್ತೂ ಫ್ಯಾಟ್ ನೋಡ್ತಾರೆ, ಕೈಗೆ ಚೀಟಿ ಕೊಡ್ತಾರೆ. ಹಾಲು ತಂದವನ ರಕ್ತವನ್ನ ವರ್ಷಕ್ಕೊಂದು ಸಲ ನೋಡೋರಿಲ್ಲ. ಆ ಸಾಲಿನ ಪಕ್ಕ ಒಂದು ಮೇಜು, ಒಂದು ಬಿಪಿ ಮೆಷೀನು, ತಿಂಗಳ ಮಾತ್ರೆ ಪೊಟ್ಟಣ. ಕೂಲಿ ಹಾಳಾಗಲ್ಲ, ನಾಚಿಕೆ ಇಲ್ಲ, ಎಲ್ಲರದ್ದೂ ನೋಡುವಾಗ ನಂದೂ ನೋಡಲಿ ಅಂತ ತೋಳು ಚಾಚ್ತಾರೆ. ಶುಗರ್ ಪರೀಕ್ಷೆ ಬೇಕಾದೋರನ್ನ ಅಲ್ಲಿಂದಲೇ ಪಿಎಚ್‌ಸಿಗೆ ಚೀಟಿ ಬರೆದು ಕಳಿಸಬಹುದು.

ಬಿಪಿ ನೋಡೋಕೆ ನಾನೇ ಕೂತ್ಕೋತೀನಿ, ಕೈ ಇನ್ನೂ ಗಟ್ಟಿಯಾಗಿದೆ. ಮಾತ್ರೆಗೆ ಡಾಕ್ಟ್ರ ಒಪ್ಪಿಗೆ ಬೇಕು, ಅವರನ್ನ ಕೇಳೋದು ನನ್ನ ಜವಾಬ್ದಾರಿ. ಡೈರಿ ಸೆಕ್ರೆಟರಿ ನಿಮ್ಮ ತಮ್ಮನ ಮಗ ಅಲ್ವಾ? ಸೋಮವಾರದಿಂದ ಒಂದು ಮೇಜು, ಎರಡು ಕುರ್ಚಿ ಜಾಗ ಬಿಡು ಅಂತ ನೀವು ಹೇಳಿ. ಬೆನ್ನಿಗೆ ಆನಿಕೆ ಇರೋ ಕುರ್ಚಿನೇ ಬೇಕು. ಐದು ನಿಮಿಷ ಒರಗಿ ಕೂರದೆ ನೋಡಿದ್ರೆ ಬಿಪಿ ಸರಿಯಾಗಿ ಬರಲ್ಲ.