ಯಾವ ಕ್ಲಾಸಿಗೆ ಯಾವ ದೆವ್ವ?

ಮಕ್ಕಳಿಗೆ ಶೂ ಕೊಡಿಸುವಾಗ ನಾವು ಮುಂದಿನ ವರ್ಷಕ್ಕೂ ಆಗಲಿ ಅಂತ ಒಂದು ಸೈಜ್ ದೊಡ್ಡದನ್ನೇ ಆರಿಸುತ್ತೇವೆ. ಪುಸ್ತಕದ ವಿಚಾರದಲ್ಲಿ ಮಾತ್ರ ಉಲ್ಟಾ. ಏಳನೇ ಕ್ಲಾಸಿನ ಹುಡುಗನ ಕೈಗೆ ಮೂರನೇ ಕ್ಲಾಸಿನ ನೀತಿಕಥೆ ತುರುಕಿ, ‘ನಮ್ಮ ಮಗ ಓದುವುದೇ ಇಲ್ಲ’ ಅಂತ ಊರೆಲ್ಲ ಹೇಳಿಕೊಂಡು ಬರುತ್ತೇವೆ. ಇನ್ನು ಮಗುವೇ ಬಂದು ‘ನನಗೆ ದೆವ್ವದ ಪುಸ್ತಕ ಬೇಕು’ ಅಂದರಂತೂ ಮುಗಿದೇ ಹೋಯಿತು. ಪುಸ್ತಕ ಬರುವುದಕ್ಕೆ ಮೊದಲೇ ಅಪ್ಪ ಅಮ್ಮನ ಮೈಮೇಲೆ ಬಂದುಬಿಡುತ್ತದೆ.

ನಮ್ಮ ಅಣ್ಣನ ಮಗಳು ಐದನೇ ಕ್ಲಾಸು. ಅವಳು ಹೀಗೆ ಕೇಳಿದ ದಿನ ಅತ್ತಿಗೆ ನನಗೆ ಫೋನ್ ಮಾಡಿದರು. “ನೀನೇ ಅಲ್ವಾ ಇವಳಿಗೆ ಓದೋ ಹುಚ್ಚು ಹಿಡಿಸಿದ್ದು? ಈಗ ನೀನೇ ನೋಡು. ಯಾವುದಾದರೂ ಒಳ್ಳೇ ದೆವ್ವ ಇದ್ರೆ ಹೇಳು.”

ಒಳ್ಳೇ ದೆವ್ವ! ಒಳ್ಳೇ ಮನೆತನದ್ದು, ಗುಣವಂತ, ಸಂಜೆ ಏಳರೊಳಗೆ ಮನೆ ಸೇರುವಂಥದ್ದು. ಗಂಡು ಹುಡುಕುವವರ ದನಿಯಲ್ಲೇ ಕೇಳಿದರು ಪಾಪ. ಅವರ ಹಿಂದೆ ಟಿವಿ ಹಾಡುತ್ತಿತ್ತು. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಪಾಯಸಕ್ಕೆ ವಿಷ ಬೆರೆಸುತ್ತಿದ್ದಳು. ಅದು ಮುಗಿದರೆ ಅಣ್ಣನ ನ್ಯೂಸ್ ಚಾನೆಲ್ಲು. ಅಲ್ಲಿ ನಡೆದ ಕೊಲೆಯನ್ನು ಗ್ರಾಫಿಕ್ಸಿನಲ್ಲಿ ಇನ್ನೊಮ್ಮೆ ಮಾಡಿ ತೋರಿಸುತ್ತಾರೆ, ಊಟದ ಹೊತ್ತಿಗೆ ಸರಿಯಾಗಿ. ಈ ಎರಡರ ನಡುವೆ ಕೂತು ಚಪಾತಿ ತಿನ್ನುವ ಹುಡುಗಿಗೆ ದೆವ್ವದ ಕಥೆ ಓದಿದರೆ ಮನಸ್ಸು ಕೆಡುತ್ತದಂತೆ.

“ಅತ್ತಿಗೆ, ನೀವು ಅವಳಿಗೆ ಮೊದಲು ಹೇಳಿಕೊಟ್ಟ ಹಾಡು ಯಾವುದು?” ಅಂದೆ. “ಪುಣ್ಯಕೋಟಿ” ಅಂದರು ಹೆಮ್ಮೆಯಿಂದ. ಹಸಿದ ಹುಲಿ, ತಬ್ಬಲಿಯಾಗಲಿರುವ ಕರು, ಸಾಯಲು ಹೊರಟ ತಾಯಿ, ಕೊನೆಗೆ ನಾಚಿಕೆಯಿಂದ ತಾನೇ ಪ್ರಾಣ ಬಿಡುವ ಹುಲಿ. ಎಲ್‌ಕೆಜಿಗೆ ಇಷ್ಟು ಸಾಲದೇ? ಸಾಲದಿದ್ದರೆ ಕುವೆಂಪು ಬ್ರೌನಿಂಗನ ಕವಿತೆಯಿಂದ ಬೊಮ್ಮನಹಳ್ಳಿಗೆ ಕರೆತಂದ ಕಿಂದರಿಜೋಗಿ ಇದ್ದಾನೆ. ಊರಿನ ಮಕ್ಕಳನ್ನೆಲ್ಲ ಬೆಟ್ಟದೊಳಕ್ಕೆ ಕರೆದುಕೊಂಡು ಹೋದವನು. ಸ್ಕೂಲ್‌ಡೇಗೆ ಅದನ್ನು ನಾಟಕ ಮಾಡಿಸಿ, ಮಕ್ಕಳು ಮಾಯವಾಗುವ ಭಾಗ ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತೇವೆ.

ಇನ್ನು ಚಂದಮಾಮ. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೂ ಬಂದ ಆ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಒಬ್ಬ ರಾಜ ಸ್ಮಶಾನಕ್ಕೆ ಹೋಗಿ, ಮರಕ್ಕೆ ನೇತುಹಾಕಿದ್ದ ಹೆಣ ಇಳಿಸಿ, ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಿದ್ದ. ಹೆಣದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತಿತ್ತು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆದು ಹೋಳಾಗುತ್ತದೆ ಅಂತ ಹೆದರಿಸುತ್ತಿತ್ತು. ನಮ್ಮ ಗಣಿತದ ಮೇಷ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದುದರಿಂದ ನಮಗೆ ಹೊಸದೇನೂ ಅನ್ನಿಸುತ್ತಿರಲಿಲ್ಲ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ‘ಕಥಾಸರಿತ್ಸಾಗರ’ಕ್ಕೆ ಸೇರಿಸಿಕೊಂಡ ಈ ಬೇತಾಳನನ್ನು ಓದಿ ಬೆಳೆದವರೇ ಈಗ ಮಗುವಿಗೆ ದೆವ್ವ ಬೇಡ ಅನ್ನುತ್ತಿರುವುದು.

ಹಾಗಂತ ಸಿಕ್ಕಿದ್ದನ್ನೆಲ್ಲ ಕೊಡಿ ಅಂತ ನಾನು ಹೇಳುತ್ತಿಲ್ಲ. ನನ್ನ ಲೆಕ್ಕ ಸರಳ. ಮಗು ಬೆಳೆದಂತೆ ದೆವ್ವಕ್ಕೂ ಬುದ್ಧಿ ಬೆಳೆಯಬೇಕು. ಆರೇಳು ವರ್ಷದವರಿಗೆ ಬೇಕಾದದ್ದು ದಡ್ಡ ದೆವ್ವ. ಲಾಲ್ ಬಿಹಾರಿ ಡೇ 1883ರಲ್ಲಿ ಪ್ರಕಟಿಸಿದ ಬಂಗಾಳದ ಜನಪದ ಕಥೆಗಳಲ್ಲಿ ಅಂಥದ್ದೊಂದಿದೆ. ತಿನ್ನಲು ಬಂದ ದೆವ್ವಕ್ಕೆ ಕ್ಷೌರಿಕನೊಬ್ಬ ತನ್ನ ಕನ್ನಡಿ ತೋರಿಸಿ, ‘ನೋಡು, ಒಬ್ಬನನ್ನು ಆಗಲೇ ಹಿಡಿದಿಟ್ಟಿದ್ದೇನೆ, ಮುಂದಿನದು ನೀನೇ’ ಅನ್ನುತ್ತಾನೆ. ದೆವ್ವ ತನ್ನ ಮುಖ ನೋಡಿ ತಾನೇ ಹೆದರಿ ಕೇಳಿದ್ದೆಲ್ಲ ತಂದುಕೊಡುತ್ತದೆ. ಇದನ್ನು ಕೇಳಿದ ಮಗು ಹೆದರುವುದಿಲ್ಲ, ಮನೆಯ ಕನ್ನಡಿ ಎತ್ತಿಕೊಂಡು ದೆವ್ವ ಹುಡುಕುತ್ತಾ ಹೊರಡುತ್ತದೆ.

ನಮ್ಮ ಬೆಂಗಳೂರಿನ ದೆವ್ವವೂ ಇದೇ ತರಗತಿಯದು. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರೆ ಓದಿಕೊಂಡು ವಾಪಸ್ ಹೋಗುತ್ತಿತ್ತಲ್ಲ, ಅದು. ಮಾರನೇ ದಿನ ಬಂದು ಮತ್ತೆ ಓದಿ ಮತ್ತೆ ಹೋಗುತ್ತಿತ್ತು. ಹಿಂದಿಯವರು ಈ ನಂಬಿಕೆಯನ್ನೇ ಎತ್ತಿಕೊಂಡು 2018ರಲ್ಲಿ ‘ಸ್ತ್ರೀ’ ಅಂತ ಸಿನಿಮಾ ಮಾಡಿ ದುಡ್ಡು ಬಾಚಿದರು. ನಾವು ಸುಣ್ಣದಲ್ಲಿ ಬರೆದು ಸುಮ್ಮನಾದೆವು. ಏನೇ ಅನ್ನಿ, ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲ ಒಳಗಿರುವವರಿಗೆ ಅಷ್ಟು ಬಂದರೆ ಸಾಕಾಗಿದೆ.

ಎಂಟು, ಒಂಬತ್ತರ ಹೊತ್ತಿಗೆ ದೆವ್ವ ಕೊಂಚ ತರಲೆಯಾಗಬೇಕು. ಅಮೆರಿಕದ ಆರ್.ಎಲ್. ಸ್ಟೈನ್ 1992ರಲ್ಲಿ ಶುರು ಮಾಡಿದ ‘ಗೂಸ್‌ಬಂಪ್ಸ್’ ಮಾಲೆ ಇರುವುದೇ ಇದಕ್ಕೆ. ಅದರ ಗುಟ್ಟು ಇಷ್ಟೇ: ಅಧ್ಯಾಯದ ಕೊನೇ ಸಾಲಿನಲ್ಲಿ ಕತ್ತಲಿಂದ ಒಂದು ಕೈ ಬರುತ್ತದೆ, ಪುಟ ತಿರುಗಿಸಿದರೆ ಅದು ತಮ್ಮನ ಕೈ. ಮಗು ಕಿರುಚಿ, ಮರುಕ್ಷಣ ನಗುತ್ತದೆ. ಸ್ಟೈನ್ ಇದಕ್ಕೆ ಮೊದಲು ‘ಜೋವಿಯಲ್ ಬಾಬ್’ ಅನ್ನುವ ಹೆಸರಿನಲ್ಲಿ ಮಕ್ಕಳಿಗೆ ಜೋಕಿನ ಪುಸ್ತಕ ಬರೆಯುತ್ತಿದ್ದವನು, ಕೈ ಎಲ್ಲಿಗೆ ಹೋಗುತ್ತೆ? ಸಾಹಿತ್ಯ ಅಂತ ಹುಡುಕಬೇಡಿ, ಸಿಗುವುದಿಲ್ಲ. ಆದರೆ ಪುಸ್ತಕ ಮುಟ್ಟದ ಹುಡುಗರನ್ನು ಪುಟ ತಿರುಗಿಸುವಂತೆ ಮಾಡಿದ್ದಾನೆ, ಅಷ್ಟಕ್ಕೆ ನನ್ನ ನಮಸ್ಕಾರ.

ಹತ್ತು ದಾಟಿದವರಿಗೆ ಮಾತಾಡದ ದೆವ್ವ. ರಸ್ಕಿನ್ ಬಾಂಡರ ‘ಎ ಫೇಸ್ ಇನ್ ದ ಡಾರ್ಕ್’ ಓದಿದ್ದೀರಾ? ಶಿಮ್ಲಾದ ಹತ್ತಿರ ಪೈನ್ ಕಾಡು, ರಾತ್ರಿ, ಟಾರ್ಚ್ ಹಿಡಿದು ಶಾಲೆಗೆ ಮರಳುವ ಮೇಷ್ಟ್ರು, ಬಂಡೆಯ ಮೇಲೆ ತಲೆ ತಗ್ಗಿಸಿ ಅಳುತ್ತಿರುವ ಹುಡುಗ. ಎರಡು ಪುಟ, ಒಂದು ಹನಿ ರಕ್ತವಿಲ್ಲ. ಮುಂದಿನದು ನಾನು ಹೇಳುವುದಿಲ್ಲ. ಇಷ್ಟು ಹೇಳಬಲ್ಲೆ: ಕೊನೆಯಲ್ಲಿ ‘ಹೆದರಬೇಡ, ಅದು ತಮ್ಮನ ಕೈ’ ಅಂತ ಬೆನ್ನು ತಟ್ಟುವವರು ಇಲ್ಲಿ ಯಾರೂ ಇಲ್ಲ. ಸಮಾಧಾನ ಸಿಗದೆ ಕಥೆ ಮುಗಿದರೂ ತಡೆದುಕೊಳ್ಳುವ ಮಗುವಿಗೆ ಮಾತ್ರ ಇದು. ಪುಸ್ತಕದ ಹಿಂದೆ ಅಚ್ಚಾಗುವ ‘9+’, ‘12+’ ಇದನ್ನು ಹೇಳುವುದಿಲ್ಲ. ಆ ಅಂಕಿಗಳನ್ನು ಹಾಕಿದವರು ನಿಮ್ಮ ಮಗುವನ್ನು ನೋಡಿಲ್ಲ.

ಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ. ಆಲ್ವಿನ್ ಶ್ವಾರ್ಟ್ಜ್ ಅನ್ನುವವರು 1981ರಲ್ಲಿ ಅಮೆರಿಕದ ಜನಪದ ದೆವ್ವದ ಕಥೆಗಳನ್ನು ಮಕ್ಕಳಿಗಾಗಿ ಕಲೆಹಾಕಿದರು. ಕಥೆಗಳು ಸಾಧಾರಣ, ಕೆಲವಂತೂ ತಮಾಷೆ. ಸ್ಟೀಫನ್ ಗ್ಯಾಮೆಲ್ ಬರೆದ ಚಿತ್ರಗಳು ಮಾತ್ರ ದೊಡ್ಡವರ ನಿದ್ದೆಯನ್ನೂ ಕೆಡಿಸುವಂಥವು. 1990ರ ದಶಕದಲ್ಲಿ ಲೈಬ್ರರಿಗಳಿಂದ ತೆಗೆಯಿರಿ ಅಂತ ಅತಿ ಹೆಚ್ಚು ದೂರು ಬಂದ ಪುಸ್ತಕಗಳ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ. 2011ರಲ್ಲಿ ಪ್ರಕಾಶಕರು ಬೇರೆಯವರಿಂದ ಸೌಮ್ಯವಾದ ಚಿತ್ರ ಬರೆಸಿದರು. ಆಗ ಗಲಾಟೆ ಮಾಡಿದವರು ಯಾರು? ಹಳೇ ಚಿತ್ರ ನೋಡಿ ಹೆದರಿ ಬೆಳೆದಿದ್ದ ಮಕ್ಕಳು! ನಮ್ಮ ದೆವ್ವ ನಮಗೆ ಕೊಡಿ ಅಂತ ಹಟ ಹಿಡಿದರು, ಹಳೆಯ ಚಿತ್ರಗಳೇ ಮರಳಿ ಬಂದವು. ಬರೀ ಮಾತಿನ ಕಥೆಯಲ್ಲಿ ಮಗು ತನಗೆ ತಾಳುವಷ್ಟು ದೆವ್ವವನ್ನು ತಾನೇ ಬರೆದುಕೊಳ್ಳುತ್ತದೆ. ಚಿತ್ರದಲ್ಲಿ ಆ ಸವಲತ್ತು ಇಲ್ಲ. ಹಾಗಾಗಿ ಅಂಗಡಿಯಲ್ಲಿ ಮೊದಲು ಚಿತ್ರಗಳನ್ನು ತಿರುವಿ ನೋಡಿ.

ಇನ್ನೊಂದು, ದೆವ್ವ ಎಲ್ಲಿ ವಾಸವಾಗಿದೆ ನೋಡಿ. ಕಾಡು, ಕೋಟೆ, ಹಾಳು ಬಂಗಲೆ ಆದರೆ ಚಿಂತೆಯಿಲ್ಲ, ಪುಸ್ತಕ ಮುಚ್ಚಿದರೆ ಅದು ಅಲ್ಲೇ ಉಳಿಯುತ್ತದೆ. ನೀಲ್ ಗೈಮನ್ನರ ‘ಕೊರಲೈನ್’ನಲ್ಲಿ (2002) ಹಾಗಲ್ಲ. ಗೋಡೆಯ ಬಾಗಿಲಿನಾಚೆ ಇನ್ನೊಬ್ಬ ಅಮ್ಮ ಇದ್ದಾಳೆ, ರುಚಿಯಾದ ಅಡುಗೆ ಮಾಡಿ ಬಡಿಸುತ್ತಾಳೆ, ಕಣ್ಣಿನ ಜಾಗದಲ್ಲಿ ಕಪ್ಪು ಗುಂಡಿ. ಇದನ್ನು ಓದಿದ ಎಷ್ಟೋ ಮಕ್ಕಳು ‘ಸೂಪರ್ ಸಾಹಸ’ ಅನ್ನುತ್ತಾರೆ, ಅಮ್ಮಂದಿರೇ ಹೆಚ್ಚು ನಡುಗುತ್ತಾರೆ. ಆದರೂ ಇನ್ನೂ ಅಮ್ಮನ ಸೆರಗು ಹಿಡಿದೇ ಮಲಗುವ ಮಗುವಿಗೆ ಈಗಲೇ ಬೇಡ.

ಅಂಗಡಿಯ ಹುಡುಗ ‘ಮಕ್ಕಳ ಕಥೆನೇ ಮೇಡಂ’ ಅಂತ ಸ್ಟೀಫನ್ ಕಿಂಗನ ‘ಇಟ್’ ತೆಗೆದುಕೊಟ್ಟರೆ ನಯವಾಗಿ ವಾಪಸ್ ಇಡಿ. ಕಥೆಯಲ್ಲಿ ಮಕ್ಕಳಿದ್ದಾರೆ ನಿಜ. ಪೊಲೀಸ್ ಸ್ಟೇಷನ್ನಿನಲ್ಲೂ ಒಮ್ಮೊಮ್ಮೆ ಮಕ್ಕಳು ಇರುತ್ತಾರೆ. ಸಾವಿರ ಪುಟ ದಾಟಿದ ಆ ಕಾದಂಬರಿ ಅಪ್ಪಟ ದೊಡ್ಡವರದ್ದು. ‘ಡ್ರಾಕುಲಾ’ (1897) ವಿಷಯದಲ್ಲಿ ಇನ್ನೊಂದು ಥರ. ಪೂರ್ತಿ ಡೈರಿ, ಪತ್ರ, ಟೆಲಿಗ್ರಾಂಗಳಲ್ಲಿ ಬರೆದದ್ದು. ಹತ್ತರ ಮಗು ಹೆದರುವುದಕ್ಕೆ ಮೊದಲು ಆಕಳಿಸುತ್ತದೆ. ಹೈಸ್ಕೂಲಿನವರೆಗೆ ಕಾಯಲಿ. ಆಗ ಅದರ ಜೊತೆಗೆ ‘ಫ್ರಾಂಕೆನ್‌ಸ್ಟೈನ್’ ಕೂಡ ಕೊಡಿ. ತಾಂಬೋರಾ ಜ್ವಾಲಾಮುಖಿ ಸಿಡಿದ ಮರುವರ್ಷ, 1816ರಲ್ಲಿ, ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆಗೆ ಜಿನೀವಾದ ಸರೋವರದ ದಂಡೆಯ ಮನೆಯೊಂದರಲ್ಲಿ ಸಿಕ್ಕಿಕೊಂಡ ಗೆಳೆಯರು ಆಳಿಗೊಂದು ದೆವ್ವದ ಕಥೆ ಬರೆಯೋಣ ಅಂದುಕೊಂಡರು. ಗೆದ್ದವಳು ‘ಫ್ರಾಂಕೆನ್‌ಸ್ಟೈನ್’ ಬರೆದ ಹದಿನೆಂಟರ ಮೇರಿ. ನಮ್ಮಲ್ಲಿ ಆ ವಯಸ್ಸಿಗೆ ಸಿಇಟಿ ಬರೆಸುತ್ತೇವೆ. ಅವಳ ಕಥೆಯ ದೆವ್ವವನ್ನು ನೋಡಿ ಹೆದರುವುದಕ್ಕಿಂತ ಅಯ್ಯೋ ಪಾಪ ಅನ್ನಿಸುವುದೇ ಹೆಚ್ಚು, ಅದು ಅರ್ಥವಾಗಲು ಹದಿನಾಲ್ಕಾದರೂ ಆಗಬೇಕು.

ಕನ್ನಡದಲ್ಲೇ ಬೇಕು ಅನ್ನುವವರಿಗೆ ನನ್ನ ಮೊದಲ ಶಿಫಾರಸಿನಲ್ಲಿ ದೆವ್ವವೇ ಇಲ್ಲ. ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’. ಅದರಲ್ಲಿ ‘ಜಾಲಹಳ್ಳಿಯ ಕುರ್ಕ’ ಇದೆ. ಹೌದು, ಈಗ ಮೆಟ್ರೋ ನಿಲ್ಲುತ್ತದಲ್ಲ, ಅದೇ ಜಾಲಹಳ್ಳಿ. ಕುರ್ಕ ಅಂದರೆ ಚಿರತೆ. ಹುಡುಗರಿಗೆ ಇದನ್ನು ಓದಿಸಿ ಹಸಿರು ಮಾರ್ಗದ ರೈಲು ಹತ್ತಿಸಿ ನೋಡಿ, ಕಿಟಕಿ ಬಿಟ್ಟು ಅಲ್ಲಾಡುವುದಿಲ್ಲ. ಅದು ಜೀರ್ಣವಾದ ಮೇಲೆ ಜಿಮ್ ಕಾರ್ಬೆಟ್ಟನ ರುದ್ರಪ್ರಯಾಗದ ನರಭಕ್ಷಕ. ಅದನ್ನೂ ತೇಜಸ್ವಿಯೇ ಕನ್ನಡಕ್ಕೆ ತಂದಿದ್ದಾರೆ. 1918ರಿಂದ 1926ರವರೆಗೆ ಸರ್ಕಾರದ ಲೆಕ್ಕದಲ್ಲೇ 125 ಜನರನ್ನು ಕೊಂದ ಚಿರತೆ ಅದು, ರಾತ್ರಿ ಬಾಗಿಲು ತಳ್ಳಿ ಒಳಗೆ ಬರುತ್ತಿತ್ತು. ‘ನಾಳೆ ಬಾ’ ಬರೆದರೆ ಓದಿಕೊಳ್ಳುವ ಜಾತಿಯಲ್ಲ. ಇದರ ಮುಂದೆ ಗೂಸ್‌ಬಂಪ್ಸಿನ ದೆವ್ವಗಳೆಲ್ಲ ಬಾಲವಾಡಿ. ಹನ್ನೆರಡಕ್ಕೆ ಮೊದಲು ಕೊಡಬೇಡಿ.

ಮಗು ‘ಸಾಕು’ ಅಂದರೆ ಅಲ್ಲಿಗೆ ನಿಲ್ಲಿಸಿ. ‘ದುಡ್ಡು ಕೊಟ್ಟಿದ್ದೀವಿ, ಪೂರ್ತಿ ಓದು’ ಅನ್ನುವ ನಮ್ಮ ವರಸೆ ಇಲ್ಲಿ ನಡೆಯುವುದಿಲ್ಲ. ಕೊಡುವ ಮೊದಲು ನೀವೇ ಒಮ್ಮೆ ಓದಿ, ಹಗಲಿನಲ್ಲಿ. ಹಗಲಿನಲ್ಲಿ ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಅಣ್ಣ ಮಗಳಿಗೆ ಸರಿಹೋಗುತ್ತದೋ ಇಲ್ಲವೋ ಪರೀಕ್ಷಿಸುತ್ತೇನೆ ಅಂತ ರಸ್ಕಿನ್ ಬಾಂಡರ ಆ ಎರಡು ಪುಟವನ್ನು ರಾತ್ರಿ ಹನ್ನೊಂದಕ್ಕೆ ಓದಿದ. ಮಗಳು ಮಾರನೇ ದಿನ ಓದಿ, ‘ಚೆನ್ನಾಗಿದೆ ಅತ್ತೆ, ಇನ್ನೊಂದು ಕೊಡಿ’ ಅಂದಳು. ಅಣ್ಣನಿಗೆ ಸದ್ಯಕ್ಕೆ ಕ್ಷೌರಿಕನ ಕಥೆಯೇ ಸಾಕು.