ಗೂಟವೂ ಪೆಗ್ಗೇ, ಗುಟುಕೂ ಪೆಗ್ಗೇ

ಬ್ರಿಟನ್ನಿನ ಕ್ಯಾಂಪಿಂಗ್ ಕ್ಲಬ್ಬುಗಳು ವಾರಾಂತ್ಯಗಳಲ್ಲಿ ರೈತರ ಹೊಲವನ್ನೋ ಶಾಲೆಯ ಆಟದ ಬಯಲನ್ನೋ ಬಾಡಿಗೆಗೆ ಹಿಡಿದು ನಡೆಸುವ ‘ಮೀಟ್’ ಎಂಬ ಮೇಳಗಳಲ್ಲಿ, ಕ್ಲಬ್ಬಿನ ಕಾರ್ಯದರ್ಶಿಯೂ ಅಲ್ಲದ, ಮೇಳದ ಹೊಣೆ ಹೊತ್ತ ಸ್ಟೂವರ್ಡನೂ ಅಲ್ಲದ, ಆದರೂ ಅವರಿಬ್ಬರೂ ಒಂದು ಮಾತು ಕೇಳದೆ ಬಾವುಟದ ಕಂಬವನ್ನು ನೆಡಲು ಧೈರ್ಯ ಮಾಡದ ಒಬ್ಬ ವ್ಯಕ್ತಿ ತಪ್ಪದೆ ಇರುತ್ತಾನೆ. ನಿಯಮಾವಳಿಯಲ್ಲಿ ಇವನಿಗೆ ಹುದ್ದೆಯಿಲ್ಲವಾದ್ದರಿಂದ ಅನುಕೂಲಕ್ಕಾಗಿ ಇಲ್ಲಿ ಇವನನ್ನು ‘ಹಿರೀಕ’ ಎಂದು ಕರೆಯಲಾಗಿದೆ. ಅರವತ್ತು ದಾಟಿದ ವಯಸ್ಸು, ಏಪ್ರಿಲ್ ತಿಂಗಳ ಕೊರೆಯುವ ಗಾಳಿಗೂ ಆಗಸ್ಟಿನ ಬಿಸಿಲಿಗೂ ಒಂದೇ ಆಗಿರುವ ಮಂಡಿಯುದ್ದದ ಚಡ್ಡಿ, ಕಾಲುಚೀಲದ ಮೇಲೆ ಮೆಟ್ಟಿದ ಚಪ್ಪಲಿ ಮತ್ತು ಕೈಯಲ್ಲೊಂದು ರಬ್ಬರಿನ ಸುತ್ತಿಗೆ, ಇವು ಅವನ ಹೊರಲಕ್ಷಣಗಳು. ಹೊಸಬರ ಕಾರು ಗೇಟು ದಾಟಿದ ಐದನೆಯ ನಿಮಿಷಕ್ಕೆ ಅವನು ಆ ಸುತ್ತಿಗೆಯೊಡನೆ ಪ್ರತ್ಯಕ್ಷನಾಗುವುದು ಸಹಾಯಕ್ಕೋ ತನಿಖೆಗೋ ಎಂಬುದು ಹೊಸಬರಿಗೆ ಭಾನುವಾರದವರೆಗೂ ಖಚಿತವಾಗುವುದಿಲ್ಲ.

ಅವನ ಬೆನ್ನಿಗೆ ನಿಂತಿರುವ ಪರಂಪರೆ ಶತಮಾನ ದಾಟಿದ್ದು. ಲಂಡನ್ನಿನ ದರ್ಜಿ ಥಾಮಸ್ ಹೈರಮ್ ಹೋಲ್ಡಿಂಗ್ 1901ರಲ್ಲಿ ವಾಂಟೇಜ್ ಎಂಬ ಊರಿನಲ್ಲಿ, ಸೈಕಲ್ಲಿಗೆ ಡೇರೆ ಕಟ್ಟಿಕೊಂಡು ಬಂದ ಬೆರಳೆಣಿಕೆಯ ಜನರೊಂದಿಗೆ ಬೀಡುಬಿಟ್ಟ. ಆಗ ಹುಟ್ಟಿದ ಸೈಕಲ್ ಕ್ಯಾಂಪರುಗಳ ಸಂಘವೇ ಹೆಸರು ಬದಲಿಸುತ್ತ ಬೆಳೆದು ಇಂದಿನ ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ ಆಯಿತು. ಹೋಲ್ಡಿಂಗ್ 1908ರಲ್ಲಿ ಕ್ಯಾಂಪರುಗಳಿಗೊಂದು ಕೈಪಿಡಿಯನ್ನೂ ಬರೆದನಾದರೂ ಹಿರೀಕನ ಶಾಸ್ತ್ರ ಪುಸ್ತಕದ್ದಲ್ಲ, ಕಿವಿಯಿಂದ ಕಿವಿಗೆ ಬಂದದ್ದು. ಆದ್ದರಿಂದಲೇ ಅದಕ್ಕೆ ತಿದ್ದುಪಡಿಯಿಲ್ಲ. ದಕ್ಷಿಣ ಧ್ರುವದಿಂದ ಮರಳುವಾಗ 1912ರಲ್ಲಿ ತನ್ನ ಡೇರೆಯಲ್ಲೇ ಪ್ರಾಣಬಿಟ್ಟ ಕ್ಯಾಪ್ಟನ್ ಸ್ಕಾಟ್ ಈ ಕ್ಲಬ್ಬಿನ ಅಧ್ಯಕ್ಷನಾಗಿದ್ದ ಸಂಗತಿ ಮಾತ್ರ ಹಿರೀಕನ ನಾಲಗೆಯ ತುದಿಯಲ್ಲಿರುತ್ತದೆ. ಮಳೆ ಬರುತ್ತಿದೆ, ಮಲಗುವ ಚೀಲ ಒದ್ದೆಯಾಗಿದೆ ಎಂದು ಯಾರಾದರೂ ಗೊಣಗಿದರೆ ಅವನು ಸ್ಕಾಟನ ಹೆಸರನ್ನು ಮೆಲ್ಲಗೆ ಉಚ್ಚರಿಸಿ ಸುಮ್ಮನಾಗುತ್ತಾನೆ. ಅದರ ಮೇಲೆ ಗೊಣಗಿದವರು ಯಾರೂ ಇಲ್ಲ. ಇನ್ನು 1960ರ ಕ್ಯಾರವಾನ್ ಕಾಯಿದೆಯ ಪ್ರಕಾರ, ವಿನಾಯಿತಿ ಪಡೆದ ಕ್ಲಬ್ಬುಗಳು ತಮ್ಮ ಸದಸ್ಯರಿಗಾಗಿ ಮಾತ್ರ, ಐದು ದಿನ ಮೀರದಂತೆ, ಪರವಾನಗಿಯಿಲ್ಲದ ಹೊಲದಲ್ಲೂ ಮೇಳ ಸೇರಬಹುದು. ಐದು ದಿನಕ್ಕೆ ಮಾತ್ರ ಬದುಕುವ ಈ ಊರಿಗೆ ಪಟೇಲನೊಬ್ಬ ಬೇಕಾಗುತ್ತದೆ, ಹಿರೀಕ ಆ ಖಾಲಿ ಜಾಗವನ್ನು ತುಂಬುತ್ತಾನೆ.

ಹೊಸಬರು ಮೊದಲು ಎಡವುವುದು ಹಗ್ಗಕ್ಕಲ್ಲ, ಪದಗಳಿಗೆ. ಕನ್ನಡ ಬಲ್ಲವರಿಗೆ ‘ಯೂನಿಟ್’ ಎಂದರೆ ವಿದ್ಯುತ್ ಬಿಲ್ಲು, ಅದರಲ್ಲೂ ಗೃಹಜ್ಯೋತಿ ಬಂದ ಮೇಲೆ 200ರ ಒಳಗೆ ಉಳಿಯಬೇಕಾದ ಒಂದು ಅಂಕಿ. ಕ್ಲಬ್ಬಿನ ಭಾಷೆಯಲ್ಲಿ ಅದೇ ಪದಕ್ಕೆ ಡೇರೆ, ಕ್ಯಾರವಾನ್ ಅಥವಾ ಮೋಟಾರ್‌ಹೋಮ್, ಅಂದರೆ ಒಂದು ಸಂಸಾರದ ಬೀಡು ಎಂದರ್ಥ. ಬ್ರಿಟನ್ನಿನ ವೈದ್ಯರ ಭಾಷೆಯಲ್ಲಾದರೋ ಅದು 10 ಮಿಲಿಲೀಟರ್ ಶುದ್ಧ ಆಲ್ಕೊಹಾಲ್. ಶೇಕಡಾ 4ರ ಒಂದು ಪೈಂಟ್ ಬಿಯರಿನಲ್ಲಿ ಸುಮಾರು 2.3 ಯೂನಿಟ್, ಶೇಕಡಾ 12ರ ಒಂದು ಬಾಟಲಿ ವೈನಿನಲ್ಲಿ 9 ಯೂನಿಟ್ ಇರುತ್ತವೆ. ಗಂಡಸಾಗಲಿ ಹೆಂಗಸಾಗಲಿ ವಾರಕ್ಕೆ 14 ಯೂನಿಟ್ ಮೀರದಿರುವುದು ಕ್ಷೇಮ ಎಂದು ಸರ್ಕಾರದ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಹೇಳಿದ್ದಾರೆ. ‘ಹೋದ ವಾರ ಇಪ್ಪತ್ತೆರಡು ಯೂನಿಟ್ ಆಯಿತು, ಈ ವಾರ ಮೂವತ್ತಕ್ಕೆ ಕಡಿಮೆಯಿಲ್ಲ’ ಎಂದು ಹಿರೀಕ ಎದೆಯುಬ್ಬಿಸಿ ಹೇಳಿದಾಗ, ಆ ಹೆಮ್ಮೆ ಬೀಡುಗಳ ಸಂಖ್ಯೆಯದೋ ಯಕೃತ್ತಿನ ಸಾಮರ್ಥ್ಯದ್ದೋ ಎಂದು ಹೊಸಬರು ತಬ್ಬಿಬ್ಬಾಗುವುದು ಸಹಜ.

‘ಪೆಗ್’ ಎಂಬ ಪದದ ಪಾಡು ಇನ್ನೂ ಸೊಗಸಾದದ್ದು. ಭಾರತದಲ್ಲಿ ಪೆಗ್ ಎಂದರೆ ಅಳತೆ: 30 ಮಿಲಿಲೀಟರ್ ಸಣ್ಣದು, 60 ದೊಡ್ಡದು. ಹಿಂದೊಮ್ಮೆ ಇಲ್ಲಿನ ಬ್ರಿಟಿಷರೇ ಬಳಕೆಗೆ ತಂದ ಈ ಅರ್ಥ ಅವರ ತಾಯ್ನಾಡಿನಲ್ಲಿ ಮಾಸಿಹೋಗಿ, ಅಲ್ಲಿನ ಬಯಲಿನಲ್ಲಿ ಪೆಗ್ ಎಂದರೆ ಡೇರೆಯ ಹಗ್ಗ ಬಿಗಿಯುವ ಗೂಟ ಮಾತ್ರವಾಗಿ ಉಳಿದಿದೆ. ಶುಕ್ರವಾರ ಸಂಜೆ ಬೀಡು ಬಿಡುತ್ತಿರುವ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿಯ ಬಳಿ ಹಿರೀಕ ಬಂದು ‘ಪೆಗ್ ಸಾಕಷ್ಟಿವೆಯೇ, ರಾತ್ರಿ ಗಾಳಿ ಜೋರಂತೆ, ಇಪ್ಪತ್ತಾದರೂ ಬೇಕು’ ಎಂದರೆ ಗಂಡ ಹೆಂಡತಿಯ ಮುಖವನ್ನೂ ಹೆಂಡತಿ ಗೇಟಿನ ದಾರಿಯನ್ನೂ ನೋಡುವುದು ಖಂಡಿತ. ಎರಡು ಪೆಗ್ಗುಗಳ ನಡುವೆ ಅರ್ಥಸಂಬಂಧ ಇಲ್ಲದಿಲ್ಲ: ಒಂದು ಡೇರೆಯನ್ನು ನೆಲಕ್ಕೆ ಕಟ್ಟುತ್ತದೆ, ಇನ್ನೊಂದು ಕುಡಿದವನನ್ನು ಕುರ್ಚಿಗೆ ಕಟ್ಟುತ್ತದೆ, ಮತ್ತು ಗೂಟ ಹೊಡೆದುಕೊಂಡು ಕೂರುವುದೆಂಬ ಕನ್ನಡದ ನುಡಿಗಟ್ಟು ಎರಡಕ್ಕೂ ಸಲ್ಲುತ್ತದೆ.

ಶನಿವಾರ ಸಂಜೆಯ ವೃತ್ತಗೋಷ್ಠಿ ಹಿರೀಕನ ಶಾಸ್ತ್ರದ ತಿರುಳು. ಕ್ಯಾರವಾನಿನ ಬಾಗಿಲಿಗೆ ತಗುಲಿಸುವ ಬಟ್ಟೆಯ ಜಗುಲಿಗೆ ಆನಿಂಗ್ ಎಂದು ಹೆಸರು. ಅದರ ಮುಂದೆ ಮಡಚುವ ಕುರ್ಚಿಗಳು ಒಂದೊಂದಾಗಿ ಬಂದು ವೃತ್ತವಾಗುತ್ತವೆ. ಇಲ್ಲಿಗೆ ಬರುವವರು ತಮ್ಮ ಕುರ್ಚಿ, ತಮ್ಮ ಲೋಟ, ತಮ್ಮ ಪಾನೀಯವನ್ನು ತಾವೇ ತರಬೇಕು. ಪಬ್ಬಿನಲ್ಲಿ ಒಬ್ಬೊಬ್ಬರೂ ಸರದಿಯಂತೆ ಎಲ್ಲರಿಗೂ ಕೊಡಿಸುವ ‘ರೌಂಡ್’ ಪದ್ಧತಿ ಇಲ್ಲಿ ನಡೆಯದು, ಏಕೆಂದರೆ ಹನ್ನೆರಡು ಜನರ ವೃತ್ತದಲ್ಲಿ ಸರದಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಹನ್ನೆರಡು ಜನರೂ ಉಳಿದಿರುವುದಿಲ್ಲ. ಕಷ್ಟವಿರುವುದು ಆಮಂತ್ರಣದ ವ್ಯಾಖ್ಯಾನದಲ್ಲಿ. ‘ಏನೂ ತರಬೇಡಿ, ನೀವು ಬಂದರೆ ಸಾಕು’ ಎಂದರೆ ಒಂದು ಬಾಟಲಿ ತರಬೇಕೆಂದು ಅರ್ಥ. ‘ಒಂದು ದಿನ ನೀವು ನಮ್ಮಲ್ಲಿಗೆ ಬರಲೇಬೇಕು’ ಎಂದರೆ ಬರಬಾರದೆಂದು ಅರ್ಥ. ‘ಆರಕ್ಕೆ ನಾವು ಹೊರಗೇ ಕೂತಿರುತ್ತೇವೆ’ ಎಂದು ಎತ್ತಲೋ ನೋಡುತ್ತ ಹೇಳಿದ್ದೇ ನಿಜವಾದ ಆಮಂತ್ರಣ. ಒಬ್ಬರ ಅತಿಥಿಯಾಗಿ ಒಯ್ದ ಬಾಟಲಿಯನ್ನು ತುಂಬಿದ್ದರೂ ಅಲ್ಲೇ ಬಿಟ್ಟು ಬರಬೇಕು, ವೃತ್ತಕ್ಕೆ ಒಯ್ದ ಸ್ವಂತ ಬಾಟಲಿಯನ್ನು ತಳದಲ್ಲಿ ಒಂದು ಗುಟುಕು ಉಳಿದಿದ್ದರೂ ವಾಪಸು ತರಬೇಕು. ಅತಿಥಿತನ ಎಲ್ಲಿ ಮುಗಿದು ವೃತ್ತ ಎಲ್ಲಿ ಶುರುವಾಗುತ್ತದೆಂಬುದು ಹಿರೀಕನಿಗೆ ಗೊತ್ತು, ಆದರೆ ಕೇಳಿದರೆ ಹೇಳುವುದಿಲ್ಲ. ತಪ್ಪಿದಾಗ ಮಾತ್ರ ಅವನ ಹುಬ್ಬು ಒಂದು ನೂಲಿನಷ್ಟು ಮೇಲೇರುತ್ತದೆ.

ನಿರಾಕರಣೆಯ ವ್ಯಾಕರಣವೂ ಕನ್ನಡದವರಿಗೆ ಹೊಸದಾಗಿ ಕಲಿಯಬೇಕಾದ ವಿಷಯ. ಕನ್ನಡದ ಮನೆಗಳಲ್ಲಿ ‘ಬೇಡ’ ಎಂಬುದು ಉಪಚಾರದ ಮೊದಲ ಮೆಟ್ಟಿಲು. ಬಡಿಸುವವರು ಎರಡು ಸಲವಾದರೂ ಬಲವಂತ ಮಾಡದಿದ್ದರೆ ಅದು ಮನೆತನಕ್ಕೇ ಕುಂದು, ಮೂರನೆಯ ‘ಬೇಡ’ದ ಹೊತ್ತಿಗೆ ಹೋಳಿಗೆ ಎಲೆಯ ಮೇಲೆ ಬಿದ್ದಿರುತ್ತದೆ. ಆ ಅಭ್ಯಾಸದಲ್ಲಿ ಬೆಳೆದ ಹೊಸಬ, ವೃತ್ತದಲ್ಲಿ ಜಿನ್ ಬೇಕೇ ಎಂದು ಕೇಳಿದಾಗ ಮರ್ಯಾದೆಗೆ ಬೇಡವೆಂದರೆ, ಹಿರೀಕ ‘ಸರಿ’ ಎಂದು ಬಾಟಲಿಯನ್ನು ಮುಂದಿನವನಿಗೆ ದಾಟಿಸುತ್ತಾನೆ, ಮತ್ತು ಆ ಬಾಟಲಿ ಆ ರಾತ್ರಿ ಮರಳಿ ಬರುವುದಿಲ್ಲ. ಇಂಗ್ಲಿಷರಿಗೆ ಉಪಚಾರವೇ ಇಲ್ಲವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು, ಏಕೆಂದರೆ ಅಲ್ಲಿ ಬೇಡವೆನ್ನದೆ ನಿರಾಕರಿಸುವುದಕ್ಕೂ ಬೇಕೆನ್ನದೆ ಒಪ್ಪುವುದಕ್ಕೂ ಬೇರೆಯೇ ಸೂತ್ರಗಳಿವೆ. ‘ಅಯ್ಯೋ, ನಿಜವಾಗಿ ನಾನು ಕುಡಿಯಬಾರದು’ ಎಂಬುದು ಕೋರಿಕೆ. ಒಂದು ಕ್ಷಣ ಬಿಟ್ಟು, ಸೋತವನ ನಿಟ್ಟುಸಿರಿನೊಂದಿಗೆ ಬರುವ ‘ಹೂಂ, ಹಾಗಾದರೆ ಒಂದು ಚೂರು’ ಎಂಬುದು ಸ್ವೀಕಾರ. ಆ ‘ಚೂರು’ ಲೋಟದ ಅರ್ಧಕ್ಕಿಂತ ಕಡಿಮೆಯಿದ್ದರೆ ಅವಮಾನ. ಪಬ್ಬಿನಲ್ಲಿ ಜಿನ್ನಿನ ಅಳತೆ 25 ಅಥವಾ 35 ಮಿಲಿಲೀಟರ್ ಎಂದು ಕಾನೂನೇ ಗೊತ್ತುಮಾಡಿದೆ, ಬಯಲಿನಲ್ಲಿ ಅಳತೆಯೆಂದರೆ ಸುರಿಯುವವನ ಮಣಿಕಟ್ಟು. ನಿಜಕ್ಕೂ ಕುಡಿಯದವರ ಬಗ್ಗೆ ಹಿರೀಕನಿಗೆ ತಕರಾರೇ ಇಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೈಯಲ್ಲಿ ಏನಾದರೊಂದು ಇರಬೇಕು, ಅಷ್ಟೆ. ನಿಂಬೆ ಪಾನಕವೋ ಚಹಾವೋ ತುಂಬಿದ ಲೋಟ ಹಿಡಿದವನು ವೃತ್ತದ ಪೂರ್ಣ ಸದಸ್ಯ, ಬರಿಗೈಯಲ್ಲಿ ಕೂತವನು ಎದ್ದು ಹೋಗಲು ತಯಾರಾದವನಂತೆ ಕಂಡು ಎಲ್ಲರನ್ನೂ ಕಳವಳಗೊಳಿಸುತ್ತಾನೆ. ಪಕ್ಕದ ಮನೆಯವನ ಹೆಸರನ್ನು ಇಪ್ಪತ್ತು ವರ್ಷ ಕೇಳದೆ ಬದುಕುವ ಜನ ಇಲ್ಲಿ ಅಪರಿಚಿತನ ಪಕ್ಕ ಕುರ್ಚಿ ಹಾಕುವುದು ಆ ಲೋಟದ ಮರೆಯಲ್ಲಿ. ಅದರೊಳಗೆ ಏನಿದೆಯೆಂಬುದು ಗೌಣ.

ಊಟದ ವಿಷಯ ಸುಲಭ: ಎಲ್ಲರೂ ಒಂದೊಂದು ತಿನಿಸು ತಂದು ಹಂಚಿಕೊಳ್ಳುತ್ತಾರೆ, ಲ್ಯಾಂಕಶೈರಿನ ಕಡೆ ಇದಕ್ಕೆ ‘ಜೇಕಬ್ಸ್ ಜಾಯ್ನ್’ ಎನ್ನುತ್ತಾರೆ, ಮತ್ತು ಕನ್ನಡದವರು ತಂದ ಚಿತ್ರಾನ್ನ ಮೊದಲು ಖಾಲಿಯಾದರೂ ಅದರ ಒಗ್ಗರಣೆಯ ಮೆಣಸಿನಕಾಯಿಗಳೆಲ್ಲ ತಟ್ಟೆಯ ಅಂಚಿನಲ್ಲಿ ಸಾಲಾಗಿ ಉಳಿಯುತ್ತವೆ.

ಮಡಿಯ ಅಧ್ಯಾಯ ಅಷ್ಟು ಸುಲಭವಲ್ಲ. ಒಂದು ಬೀಡಿಗೆ ಗೊತ್ತುಮಾಡಿದ ನೆಲಕ್ಕೆ ಪಿಚ್ ಎಂದು ಹೆಸರು, ಬೀಡಿನಿಂದ ಬೀಡಿಗೆ 6 ಮೀಟರ್ ಅಂತರವಿರಬೇಕು, ಬೆಂಕಿ ಹಬ್ಬದಿರಲೆಂಬುದು ಅದರ ಉದ್ದೇಶ. ಖಾಲಿ ಕಾಣುವ ಈ 6 ಮೀಟರನ್ನು ಹೊಸಬ ಕಾಲುದಾರಿಯೆಂದು ತಿಳಿದು ನಲ್ಲಿಗೆ ಅಡ್ಡಹಾದಿ ಹಿಡಿದರೆ, ಅದು ಮಡಿಯಲ್ಲಿ ಅಡುಗೆ ಮಾಡುವವರ ಒಲೆಯ ಮುಂದೆ ಚಪ್ಪಲಿ ಕಾಲಲ್ಲಿ ಹಾದುಹೋದಂತೆ. ನಲ್ಲಿಯದು ಇನ್ನೊಂದು ನಿಷೇಧ: ಕುಡಿಯುವ ನೀರಿನ ನಲ್ಲಿಯಲ್ಲಿ ಪಾತ್ರೆ ತೊಳೆಯಕೂಡದು, ರಾಸಾಯನಿಕ ಶೌಚದ ಡಬ್ಬಿಯನ್ನು ಬರಿದುಮಾಡುವ ‘ಎಲ್ಸನ್’ ಗುಂಡಿಗೆ ಹೋಗುವಾಗ ಎದುರಾದವರನ್ನು ಮಾತಾಡಿಸಕೂಡದು. ತಲೆ ಕೂಡ ಆಡಿಸಕೂಡದು. ರಾತ್ರಿ ಒಂದೇ ಲೋಟದಿಂದ ಚೆರ್ರಿ ಆರಿಸಿ ತಿಂದ ಇಬ್ಬರು ಬೆಳಗ್ಗೆ ಡಬ್ಬಿ ಹಿಡಿದು ಎದುರಾದಾಗ ಪರಸ್ಪರ ಅದೃಶ್ಯರಾಗುವ ರೀತಿ ಸಾವಿರಾರು ವರ್ಷಗಳ ಮಡಿಯ ಅನುಭವವಿರುವ ದೇಶಕ್ಕೂ ಮಾದರಿಯಾಗಬಲ್ಲದು.

ರಾತ್ರಿ ಹನ್ನೊಂದು ಹೊಡೆದರೆ ಮೌನ, ಅದು ಬೆಳಗಿನ ಏಳರವರೆಗೆ. ಹತ್ತೂ ಐವತ್ತೈದಕ್ಕೆ ಹಿರೀಕ ತೊಡೆಗಳನ್ನು ಎರಡೂ ಕೈಯಿಂದ ತಟ್ಟಿ ‘ಸರಿ ಹಾಗಾದರೆ’ ಎಂದು ಯಾರಿಗೂ ಅಲ್ಲದಂತೆ ಹೇಳುತ್ತಾನೆ. ಎರಡನೆಯ ಸಲ ಹೇಳಿಸಿಕೊಳ್ಳದೆ ಏಳುವುದು ಸಭ್ಯತೆ. ಕುಡಿದದ್ದು ಎಷ್ಟೆಂಬುದನ್ನು ಅಳೆಯುವ ಉಪಕರಣ ಆಮೇಲೆ ಕತ್ತಲಲ್ಲಿ ಕಾದಿರುತ್ತದೆ: ಡೇರೆಗಳಿಂದ ನಾಲ್ಕೂ ಕಡೆಗೆ ಮೊಣಕಾಲೆತ್ತರದಲ್ಲಿ ಬಿಗಿದ ಹಗ್ಗಗಳು. ಒಂದು ಯೂನಿಟ್ಟಿನವನು ದಾಟುತ್ತಾನೆ, ಐದು ಯೂನಿಟ್ಟಿನವನು ಇಲ್ಲದ ಹಗ್ಗವನ್ನೂ ದಾಟುತ್ತಾನೆ, ಒಂಬತ್ತರವನು ಬಿದ್ದು, ತನ್ನನ್ನು ಬೀಳಿಸಿದ ಡೇರೆಯವರಿಗೆ ಪಿಸುದನಿಯಲ್ಲಿ ಕ್ಷಮೆ ಕೇಳುತ್ತಾನೆ, ಒಳಗಿರುವವರೂ ಪಿಸುದನಿಯಲ್ಲೇ ಕ್ಷಮೆ ಕೇಳುತ್ತಾರೆ. ಇಷ್ಟರಲ್ಲಿ ಚಳಿಯೆಂದು ಯಾರಾದರೂ ಆರುತ್ತಿರುವ ಬಾರ್ಬೆಕ್ಯೂ ಒಲೆಯನ್ನು ಡೇರೆಯೊಳಗೆ ಎಳೆದುಕೊಳ್ಳಲು ಹೋದರೆ ಹಿರೀಕನ ದನಿ ಆ ವಾರಾಂತ್ಯದಲ್ಲಿ ಮೊದಲ ಬಾರಿಗೆ ಎತ್ತರಕ್ಕೇರುತ್ತದೆ. ಆರಿದಂತೆ ಕಾಣುವ ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರನ್ನು ಅದು ಏಳಿಸುವುದೂ ಇಲ್ಲ. ಒಲೆಯನ್ನು ಹಿರೀಕ ತಾನೇ ಎತ್ತಿಕೊಂಡು ಹೋಗಿ, ಎಲ್ಲ ಬೀಡುಗಳಿಂದ ದೂರ ಬಯಲಲ್ಲಿಟ್ಟು, ಅದರ ಮೇಲೆ ಒಂದು ಬಕೆಟ್ ನೀರು ಸುರಿದು ಬರುತ್ತಾನೆ.

ಭಾನುವಾರ ಹನ್ನೊಂದಕ್ಕೆ ಬಾವುಟದ ಕಂಬದ ಬುಡದಲ್ಲಿ ಎಲ್ಲರೂ ಕುರ್ಚಿ, ಕಪ್ಪು ಹಿಡಿದು ಸೇರುವ ಕೂಟಕ್ಕೆ ‘ಫ್ಲ್ಯಾಗ್’ ಎಂದೇ ಹೆಸರು. ಕಾಫಿ, ಪ್ರಕಟಣೆಗಳು, ಸ್ಟೂವರ್ಡರಿಗೆ ಚಪ್ಪಾಳೆ, ಮೊದಲ ಬಾರಿ ಬಂದವರಿಗೆ ಸ್ವಾಗತ, ಇಷ್ಟೇ ಕಾರ್ಯಕ್ರಮವಾದರೂ ಇದಕ್ಕೆ ತಪ್ಪಿಸಿಕೊಂಡವನು ರಾತ್ರಿ ಎಷ್ಟು ಕುಡಿದನೆಂಬ ಲೆಕ್ಕ ತಾನಾಗಿಯೇ ಪ್ರಕಟವಾಗುವುದರಿಂದ, ತಲೆ ಸಿಡಿಯುತ್ತಿರುವವರೂ ಕಪ್ಪು ಕನ್ನಡಕ ಹಾಕಿ ಹಾಜರಾಗುತ್ತಾರೆ. ಕೂಟ ಮುಗಿದ ಮೇಲೆ ಹಿರೀಕನ ಓಡಾಟ ಚಾಲಕರ ನಡುವೆ. ಇಂಗ್ಲೆಂಡಿನಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೊಹಾಲ್ ವಾಹನ ಚಾಲಕರ ಮಿತಿ, ಸ್ಕಾಟ್ಲೆಂಡಿನಲ್ಲಿ 2014ರಿಂದ 50, ಭಾರತದಲ್ಲಿ 30. ದೇಹ ಗಂಟೆಗೆ ಸುಮಾರು ಒಂದು ಯೂನಿಟ್ಟನ್ನಷ್ಟೇ ಕರಗಿಸುವುದರಿಂದ ರಾತ್ರಿ ಮಿತಿಮೀರಿ ಕುಡಿದದ್ದು ಬೆಳಗಿನ ಕೂಟದ ಹೊತ್ತಿಗೂ ಬೆನ್ನುಬಿಟ್ಟಿರುವುದಿಲ್ಲ. ಇದನ್ನು ನೇರವಾಗಿ ಹೇಳುವುದು ಅವಿವೇಕವಾದ್ದರಿಂದ ಹಿರೀಕ ಅಂಥವನ ಕಾರಿನ ಬಾನೆಟ್ಟಿಗೆ ಒರಗಿ ನಿಂತು, ತನ್ನ ಕ್ಯಾರವಾನಿನ ಬ್ರೇಕಿನ ಇತಿಹಾಸವನ್ನು ಮೂರು ಗಂಟೆ ವಿವರಿಸುತ್ತಾನೆ.

ಕೊನೆಯ ಕಾರೂ ಗೇಟು ದಾಟಿದ ಮೇಲೆ ಅವನು ಹೊಸಬರು ಬೀಡುಬಿಟ್ಟಿದ್ದ ಹಳದಿ ಹುಲ್ಲಿನ ಚೌಕದಲ್ಲಿ ಬಗ್ಗಿ ನಿಧಾನವಾಗಿ ನಡೆಯುತ್ತಾನೆ. ರೈತನ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಬಾರದಾದ, ಹೊಸಬರು ಕೀಳಲು ಮರೆತ ಒಂದಾದರೂ ಗೂಟ ಅಲ್ಲಿ ಇದ್ದೇ ಇರುತ್ತದೆ. ಅದನ್ನು ಕಿತ್ತು, ಮಣ್ಣು ಒರೆಸಿ, ಯಾವ ಮೇಳ, ಯಾರ ಬೀಡು ಎಂಬ ಚೀಟಿ ಸುತ್ತಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿಕೊಳ್ಳುತ್ತಾನೆ. ಮುಂದಿನ ಮೇಳದಲ್ಲಿ ಅದೇ ಕಾರು ಗೇಟು ದಾಟಿದ ಐದನೆಯ ನಿಮಿಷಕ್ಕೆ ಅವನು ಬರುವಾಗ ಒಂದು ಕೈಯಲ್ಲಿ ರಬ್ಬರಿನ ಸುತ್ತಿಗೆಯೂ ಇನ್ನೊಂದರಲ್ಲಿ ಆ ಪೆಗ್ಗೂ ಇರುತ್ತವೆ, ಮತ್ತು ಆರಕ್ಕೆ ತಾವು ಹೊರಗೇ ಕೂತಿರುತ್ತೇವೆಂದು ಅವನು ಎತ್ತಲೋ ನೋಡುತ್ತ ಹೇಳುತ್ತಾನೆ.